ರಾತ್ರಿಯಿಡೀ ಚಾರ್ಜಿಗೆ ಇಡುವವರೊಡನೆ ಒಂದು ಜಗಳ

ರಾತ್ರಿಯಿಡೀ ಚಾರ್ಜರಿನಲ್ಲಿ ಬಿಟ್ಟರೆ ಸೆಲ್ಲು ಕೆಡುತ್ತದೆಂದು ಕೆಲವರು. ಏನೂ ಆಗದೆಂದು ಮತ್ತೆ ಕೆಲವರು. ನನ್ನ ತಕರಾರು ಇಬ್ಬರ ಮೇಲೂ ಇದೆ. ಎಷ್ಟು ಹೊತ್ತೆಂದು ವಾದಿಸುವ ಇವರಲ್ಲಿ ಒಬ್ಬರೂ ಎಷ್ಟು ಪ್ರವಾಹವೆಂದು ಕೇಳುವುದಿಲ್ಲ!

600 ಮಿಲಿಆಂಪಿಯರ್-ಗಂಟೆಯ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲಿಗೆ ಅದರ ಹತ್ತರಲ್ಲೊಂದಂಶ, ಅಂದರೆ 60 ಮಿಲಿಆಂಪಿಯರ್ ಹರಿಸಿದರೆ 14ರಿಂದ 16 ಗಂಟೆಗಳಲ್ಲಿ ತುಂಬುತ್ತದೆ. (ಹತ್ತು ಗಂಟೆ ಸಾಲದೇ ಎನ್ನುವಿರಾ? ಕೊಟ್ಟದ್ದೆಲ್ಲ ಒಳಗೆ ನಿಲ್ಲುವುದಿಲ್ಲ. ನನ್ನ ಪಾಠಗಳೂ ಹಾಗೆಯೇ ಆಗಿದ್ದವಲ್ಲ.) ತುಂಬಿದ ಮೇಲೆ 20-30 ಮಿಲಿಆಂಪಿಯರ್ ಧಾರಾಳ. ಆಗ ಹರಿಯುವ ವಿದ್ಯುತ್ತು ಧನಫಲಕದಲ್ಲಿ ಆಮ್ಲಜನಕವನ್ನು ಹುಟ್ಟಿಸುತ್ತದೆ. ಪ್ರವಾಹ ಅಲ್ಪವಾಗಿದ್ದರೆ ಕ್ಯಾಡ್ಮಿಯಂ ಫಲಕವು ಅದನ್ನು ಹೀರಿಕೊಳ್ಳುತ್ತದೆ; ಅಧಿಕವಾದರೆ ಶಾಖವೂ ಒತ್ತಡವೂ ಏರಿ, ಕವಾಟ ತೆರೆದು, ಚರ್ಮ ಸುಡುವ ಕ್ಷಾರ ಹೊರಬರುತ್ತದೆ.

ಮೊಮ್ಮಗನ ಆಟಿಕೆಯೊಡನೆ ಬಂದ ಚಾರ್ಜರಿನ ಮೇಲೆ ‘ರಾತ್ರಿಯಿಡೀ ಇಡಿ’ ಎಂದಿತ್ತು. ಪ್ರವಾಹದ ಅಂಕಿ ಇರಲಿಲ್ಲ. ಬೆಳಗ್ಗೆ ನೋಡಿದರೆ ಸೆಲ್ಲುಗಳು ಮುಟ್ಟಲಾರದಷ್ಟು ಬಿಸಿ, ತುದಿಯಲ್ಲಿ ಬಿಳಿಯ ಪುಡಿ. ಮೀಟರ್ ಹಿಡಿದೆ: 200 ಮಿಲಿಆಂಪಿಯರ್! ಮಗು ಎದ್ದಿರಲಿಲ್ಲವೆಂಬುದೊಂದೇ ಸಮಾಧಾನ. ‘ಇವನ್ನು ಕಸಕ್ಕೆ ಹಾಕಿ ಹೊಸತು ಕೊಳ್ಳಿ’ ಎಂದ ಅಂಗಡಿಯಾತ. ಕ್ಯಾಡ್ಮಿಯಂ ವಿಷವೆಂಬುದನ್ನು ಆತನಿಗೆ ಯಾರೂ ಹೇಳಿಲ್ಲ.

ಒಂದು ಅಂಕಿಯನ್ನು ಮುದ್ರಿಸಲು ಎಷ್ಟು ಶಾಯಿ ಬೇಕು? 9 ವೋಲ್ಟಿನ ಸ್ಥಿರ ಅಡಾಪ್ಟರಿಗೆ ಸರಣಿಯಲ್ಲಿ ಎರಡು ಸೆಲ್ಲುಗಳನ್ನೂ 220 ಓಮಿನ ಒಂದು ರೋಧಕವನ್ನೂ ಜೋಡಿಸಿದರೆ ಪ್ರವಾಹ 28 ಮಿಲಿಆಂಪಿಯರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಪುಡಿಗಾಸಿನ ಈ ರೋಧಕದಲ್ಲಿ ಉಳಿತಾಯ ಮಾಡುವವರನ್ನು ತಯಾರಕರೆಂದು ಕರೆಯಲು ನನಗೆ ಮನಸ್ಸಿಲ್ಲ. ನಿಮ್ಮ ಮನೆಯ ಚಾರ್ಜರನ್ನು ಈಗಲೇ ತಿರುಗಿಸಿ ನೋಡಿ. ಅಂಕಿಯಿಲ್ಲದಿದ್ದರೆ ಹಿಂದಿರುಗಿಸಿ, ಜಗಳವಾದರೂ ಸರಿಯೇ.