ಹೊಸ ಟೈರಿನ ಬಿಲ್ಲಿನಲ್ಲಿ ಕಾಣದ ಒಂದು ಬಾಬತ್ತು

ಶ್ರೀನಿವಾಸಪುರದ ಮಾವಿನ ವರ್ತಕರೊಬ್ಬರ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ವಾಹನ ನಿರ್ವಹಣಾ ಖಾತೆಯ ಎರಡು ನಮೂದುಗಳು ನನ್ನ ಗಮನ ಸೆಳೆದವು. ಮೊದಲನೆಯದು ಕಾರಿಗೆ ನಾಲ್ಕು ಹೊಸ ಟೈರು. ಐದು ತಿಂಗಳ ನಂತರದ ಎರಡನೆಯದು ಅದೇ ಕಾರಿಗೆ ಎರಡು ಗಾಳಿ ಒತ್ತಡದ ಸೆನ್ಸಾರು. ವಿಚಾರಿಸಲಾಗಿ, ಟೈರು ಬದಲಿಸಿದ ಕೆಲವೇ ವಾರಗಳಲ್ಲಿ ಗಾಳಿ ಸೋರಲಾರಂಭಿಸಿತೆಂದೂ, ವಾಲ್ವನ್ನು ಬಿಚ್ಚಹೋದಾಗ ಅದು ಮುರಿದು ಕೈಗೆ ಬಂದಿತೆಂದೂ ತಿಳಿಯಿತು. ಮೊದಲ ಬಿಲ್ಲಿನಲ್ಲಿ ಟೈರು, ಜೋಡಣೆ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲವೂ ಇದ್ದವು. ವಾಲ್ವಿನ ಬಿಡಿಭಾಗಗಳ ಬಾಬತ್ತು ಮಾತ್ರ ಇರಲಿಲ್ಲ.

ಈ ಸೆನ್ಸಾರು ಚಕ್ರದ ಒಳಗೆ, ವಾಲ್ವಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಹಿಡಿದಿಡುವ ರಬ್ಬರ್ ವಾಷರು, ನಟ್ಟು, ವಾಲ್ವಿನ ಕೋರು ಮತ್ತು ಮುಚ್ಚಳ ಇವಿಷ್ಟನ್ನು ಟೈರು ಬದಲಿಸುವಾಗಲೆಲ್ಲ ಹೊಸದಾಗಿ ಹಾಕತಕ್ಕದ್ದು. ವರ್ಷಗಟ್ಟಲೆ ಒತ್ತಡದಲ್ಲಿದ್ದು ಚಪ್ಪಟೆಯಾದ ರಬ್ಬರು ಒಮ್ಮೆ ಸಡಿಲಿಸಿದ ಮೇಲೆ ಮತ್ತೆ ಮೊದಲಿನಂತೆ ಕೂರುವುದಿಲ್ಲ. ಅಲ್ಯುಮಿನಿಯಂ ವಾಲ್ವಿಗೆ ನಿಕ್ಕಲ್ ಲೇಪದ ಕೋರೇ ಆಗಬೇಕು. ಸಾಮಾನ್ಯ ಹಿತ್ತಾಳೆಯದನ್ನು ತಿರುಗಿಸಿಟ್ಟರೆ ಎರಡು ಲೋಹಗಳೂ ತೇವದಲ್ಲಿ ಕಚ್ಚಿಕೊಂಡು, ಮುಂದೆ ಬಿಚ್ಚುವಾಗ ವಾಲ್ವೇ ಮುರಿಯುತ್ತದೆ. ನಮ್ಮ ವರ್ತಕರಿಗೆ ಆದದ್ದು ಇದೇ ಇರಬೇಕು. ಈ ಬಿಡಿಭಾಗಗಳ ಬೆಲೆ ನೂರುಗಳಲ್ಲಿ, ಸೆನ್ಸಾರುಗಳದು ಸಾವಿರಗಳಲ್ಲಿ.

ಟೈರು ಅಂಗಡಿಯವರನ್ನೇ ದೂರುವುದು ನ್ಯಾಯವಲ್ಲ. ಕೋಲಾರದಲ್ಲಾಗಲಿ ಮಾಲೂರಿನಲ್ಲಾಗಲಿ ಗಿರಾಕಿ ಚೌಕಾಸಿ ಮಾಡುವುದು ಟೈರಿನ ದರದ ಮೇಲೆ. ಬಿಲ್ಲಿಗೆ ಇನ್ನೊಂದು ಸಾಲು ಸೇರಿಸಿದರೆ ಪಕ್ಕದ ಅಂಗಡಿಗೆ ಹೊರಟುಹೋಗುತ್ತಾನೆ ಎಂಬ ಭಯ ಅವರಿಗೂ ಇದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ತೆರಿಗೆಪೂರ್ವ ಮೌಲ್ಯ 24,000 ರೂಪಾಯಿಯ ನಾಲ್ಕು ಟೈರುಗಳೆಂದು ಭಾವಿಸಿದರೆ ಉಳಿತಾಯ 2,400 ರೂಪಾಯಿ. ಅದರಲ್ಲಿ ಒಂದಂಶವನ್ನು ವಾಲ್ವಿಗೆ ವಿನಿಯೋಗಿಸಲು ಹಿಂಜರಿಯಬೇಕಾಗಿಲ್ಲ. ಇನ್ನೊಂದು ಮಾತು: ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಗೆ ತೆತ್ತ ತೆರಿಗೆಯು ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆಯಾಗಿ ಜಮೆಯಾಗುವುದಿಲ್ಲ. ಸರಕು ವಾಹನಗಳದು ಬೇರೆ ಮಾತು. ಹೀಗಾಗಿ ಕಾರಿನ ಸೆನ್ಸಾರು ಕೆಟ್ಟರೆ ಅದರ ದುರಸ್ತಿಯ ಭಾರ ತೆರಿಗೆಸಮೇತ ಮಾಲೀಕನ ಮೇಲೆಯೇ.

ದೀಪ ಉರಿದರೆ ಉರಿಯಲಿ, ಟೈರನ್ನು ಒದ್ದು ನೋಡಿದರೆ ಗಾಳಿ ತಿಳಿಯುತ್ತದೆ ಎನ್ನುವ ಮಿತ್ರರಿದ್ದಾರೆ. ಇಂದಿನ ಟ್ಯೂಬ್‌ಲೆಸ್ ಟೈರು ಕಾಲುಭಾಗ ಗಾಳಿ ಕಳೆದುಕೊಂಡರೂ ಕಣ್ಣಿಗೆ ಸುಲಭವಾಗಿ ಕಾಣದು. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಪ್ರಕರಣದ ನಂತರ 2000ದಲ್ಲಿ ಕಾನೂನು ಮಾಡಿ, 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಲಘು ವಾಹನಗಳಿಗೂ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ವಿಷಯ ಇನ್ನೂ ಸೂಕ್ಷ್ಮವಾಗಿದೆ. 2020ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ದುರಸ್ತಿ ಕಿಟ್ಟು ಮತ್ತು ಒತ್ತಡ ಸೂಚಕ ಇರುವ 3.5 ಟನ್‌ವರೆಗಿನ ವಾಹನಗಳಿಗೆ ಸ್ಟೆಪ್ನಿಯ ಅಗತ್ಯವಿಲ್ಲವೆಂದಿತು. ಅಂದರೆ ಇಂತಹ ವಾಹನದಲ್ಲಿ ಸೆನ್ಸಾರೇ ಸ್ಟೆಪ್ನಿಗೆ ಬದಲಾಗಿ ಇರುವ ರಕ್ಷಣೆ. ಅದನ್ನು ಸತ್ತಂತೆ ಬಿಟ್ಟು ರಾತ್ರಿ ಹೊತ್ತು ಮುಳಬಾಗಿಲು ದಾಟಿ ಹೆದ್ದಾರಿಯಲ್ಲಿ ಆಂಧ್ರದ ಕಡೆ ಹೊರಡುವವರು ಎರಡೂ ಇಲ್ಲದೆ ಹೊರಟಂತೆ.

ಆ ಕಿಟ್ಟಿನ ದ್ರವದ ಬಗ್ಗೆಯೂ ಎಚ್ಚರ ಬೇಕು. ತೋಟದ ದಾರಿಗಳಲ್ಲಿ ಜಾಲಿ ಮುಳ್ಳಿಗೆ ಹೆದರಿ ಮುಂಚಿತವಾಗಿಯೇ ಪಂಕ್ಚರ್ ದ್ರವ ತುಂಬಿಸುವ ರೂಢಿ ನಮ್ಮಲ್ಲಿದೆ. ಅದು ಸೆನ್ಸಾರಿನ ಸಣ್ಣ ರಂಧ್ರವನ್ನು ಮುಚ್ಚಿ ತಪ್ಪು ಒತ್ತಡ ತೋರಿಸಬಹುದು. ತಯಾರಕರು ಒಪ್ಪಿದ ದ್ರವವನ್ನೇ ಬಳಸಿ, ಟೈರು ಬಿಚ್ಚಿದಾಗ ಒರೆಸಿಸುವುದು ಒಳಿತು.

ಎಲ್ಲ ಕಾರುಗಳಲ್ಲೂ ಚಕ್ರದೊಳಗೆ ಸೆನ್ಸಾರು ಇರುವುದಿಲ್ಲ. ಹಲವು ಮಾದರಿಗಳಲ್ಲಿ ಎಬಿಎಸ್ ವ್ಯವಸ್ಥೆಯೇ ಚಕ್ರಗಳ ವೇಗದ ವ್ಯತ್ಯಾಸದಿಂದ ಒತ್ತಡ ಕುಸಿತವನ್ನು ಊಹಿಸುತ್ತದೆ. ಅಲ್ಲಿ ಹೊಸ ಟೈರು ಹಾಕಿ ಗಾಳಿ ಸರಿಪಡಿಸಿದ ಮೇಲೆ ರೀಸೆಟ್ ಮಾಡಿದರೆ ಸಾಕು. ಸೆನ್ಸಾರ್ ಕಿಟ್ಟಿನ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಕಾದ್ದಿಲ್ಲ. ಮಾಲೀಕರ ಕೈಪಿಡಿ ನೋಡಿಕೊಂಡೇ ಅಂಗಡಿಗೆ ಹೋಗಬೇಕು.

ಸೆನ್ಸಾರಿನ ಬ್ಯಾಟರಿಯನ್ನು ಒಳಗೇ ಮುಚ್ಚಿರುತ್ತಾರೆ, ಬದಲಿಸಲಾಗದು. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬಾಳುತ್ತದೆ. 2019–20ರಲ್ಲಿ ಕೊಂಡ ಕಾರುಗಳಿಗೆ ಈಗ ಆ ಕಾಲ ಬಂದಿದೆ. ಟೈರು ಹೇಗೂ ಬಿಚ್ಚಿರುವಾಗಲೇ ಹಳೆಯ ಸೆನ್ಸಾರನ್ನೂ ಬದಲಿಸಿದರೆ ಜೋಡಣೆ, ಬ್ಯಾಲೆನ್ಸಿಂಗ್ ಕೂಲಿಯನ್ನು ಎರಡು ಬಾರಿ ತೆರಬೇಕಾಗುವುದಿಲ್ಲ. ಹೊಸ ಸೆನ್ಸಾರಿನ ಗುರುತು ಸಂಖ್ಯೆಯನ್ನು ವಾಹನಕ್ಕೆ ಪರಿಚಯಿಸಿದ ಮೇಲೆಯೇ ಹಣ ಪಾವತಿಸಿರಿ.

ಟೈರು ವ್ಯಾಪಾರದಲ್ಲಿರುವ ನಮ್ಮ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಕೆಲಸಕ್ಕೆ ಮುನ್ನ ಮತ್ತು ನಂತರ ನಾಲ್ಕೂ ಸೆನ್ಸಾರುಗಳ ಒತ್ತಡವನ್ನು ಗಿರಾಕಿಯ ಎದುರೇ ಓದಿ ಬಿಲ್ಲಿನ ಹಿಂಬದಿ ಬರೆದುಕೊಡಿ, ವಾಲ್ವಿನ ಬಿಡಿಭಾಗಗಳನ್ನು ಪ್ರತ್ಯೇಕ ಬಾಬತ್ತಾಗಿ ನಮೂದಿಸಿ. ಮುಂದೆ ತಕರಾರು ಬಂದರೆ ಆ ಸಾಲು ನಿಮ್ಮನ್ನೂ ಕಾಯುತ್ತದೆ. ಮೇಲೆ ಹೇಳಿದ ವರ್ತಕರು ಟೈರು ಅಂಗಡಿಯವರಿಂದ ಪರಿಹಾರ ಕೇಳಬಹುದೇ ಎಂದು ನನ್ನನ್ನು ಕೇಳಿದರು. ಬಿಲ್ಲಿನಲ್ಲಿ ಇಲ್ಲದ ಕೆಲಸದ ಬಗ್ಗೆ ಏನೆಂದು ವಾದಿಸುವುದು?