ಮನೆಯ ಯಂತ್ರ: ಗುಂಡಿ ಪೆಟ್ಟಿಗೆಯ ಹೊರಗಿರಲಿ

ಹಿಂದೆ ರೇಡಿಯೋ ಪೆಟ್ಟಿಗೆಯನ್ನು ಮಾಡಿದವರು ನಿಜವಾಗಿಯೂ ಜಾಣರು. ಒಳಗೆ ಎಷ್ಟು ಬುರುಡೆ, ಸುರುಳಿ, ತಂತಿಗಳಿದ್ದರೂ ಮನೆಯವರಿಗೆ ಬೇಕಾದ ಎರಡು ಗುಂಡಿಗಳನ್ನು ಮಾತ್ರ ಹೊರಗಿಟ್ಟರು. 1950ರ ಜನವರಿ 8ರಂದು ಧಾರವಾಡದ ಬಾನುಲಿ ಕೇಂದ್ರ ಆರಂಭವಾದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಅಕ್ಷರ ಬಾರದ ಅಜ್ಜಿಯೂ ಗುಂಡಿ ತಿರುವಿ ಹಾಡು ಕೇಳಿದಳು. ಯಾರ ಕಾಲನ್ನೂ ಹಿಡಿಯಬೇಕಾಗಿರಲಿಲ್ಲ. (‘ಆಕಾಶವಾಣಿ’ ಎಂಬ ಹೆಸರು ಮಾತ್ರ ಅದಕ್ಕಿಂತ ಹಿಂದಿನದು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಕೇಂದ್ರದೊಡನೆ ಬಂದದ್ದು ಅದು. ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.)

ಈಗಿನ ಕಂಪ್ಯೂಟರಿನಲ್ಲಿ ಗುಂಡಿಗಳಿಲ್ಲವೆಂದಲ್ಲ, ಉಂಟು. ಆದರೆ ಅವೆಲ್ಲ ಒಳಮನೆಯಲ್ಲಿವೆ. ಒಂದು ಬಾಗಿಲು ತೆರೆದರೆ ಇನ್ನೊಂದು, ಅದರಾಚೆ ಮತ್ತೊಂದು. ಕಲಿತವರಿಗೆ ಅರ್ಧ ನಿಮಿಷದ ಕೆಲಸ. ಕಲಿಯದವರಿಗೆ ಅದು ಚಕ್ರವ್ಯೂಹವೇ ಸರಿ.

ಡೊಂಬಿವಲಿ, ಕಲ್ಯಾಣಗಳ ನಮ್ಮ ಮನೆಗಳನ್ನೇ ನೋಡಿ. ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡಿಗೆಮನೆ. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಓದುವ ಮಗಳು ಒಂದು ಮೂಲೆಯಲ್ಲಿ; ಊರಿನಿಂದ ಬಂದು ನೆಲೆಸಿದ ಅಜ್ಜ ಇನ್ನೊಂದು ಮೂಲೆಯಲ್ಲಿ. ಅಜ್ಜನಿಗೆ ಕಿವಿ ಸ್ವಲ್ಪ ಮಂದ. ಅಂತರ್ಜಾಲದಲ್ಲಿ ಊರಿನ ಬಾನುಲಿಯನ್ನೋ ಒಂದು ಕೀರ್ತನೆಯನ್ನೋ ಅವರು ಕೇಳಬೇಕಾದರೆ ಧ್ವನಿಯನ್ನು ಪಕ್ಕದ ಮನೆಯವರೆಗೆ ಏರಿಸಬೇಕು. ಏರಿಸಿದರೆ ಮೊಮ್ಮಗಳ ಓದು ಕೆಟ್ಟಿತು. ಅದಕ್ಕೆಂದು ಮಗ ತಂತಿಯಿಲ್ಲದ ಹೆಡ್‌ಫೋನು ತಂದುಕೊಡುತ್ತಾನೆ. ರಾತ್ರಿ ಅದನ್ನು ತನ್ನ ಮೊಬೈಲಿಗೆ ಕೂಡಿಸಿ ತಾನೂ ಕೇಳುತ್ತಾನೆ. ಬೆಳಿಗ್ಗೆ ಎಂಟರ ಲೋಕಲು ಹಿಡಿದು ಹೋದವನು ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಇತ್ತ ಹೆಡ್‌ಫೋನು ಕಂಪ್ಯೂಟರನ್ನು ಮರೆತು ಕುಳಿತಿರುತ್ತದೆ. ಅಜ್ಜ ಅದನ್ನು ಕಿವಿಗೆ ಹಚ್ಚಿಕೊಂಡು ನೋಡುತ್ತಾರೆ, ಸದ್ದಿಲ್ಲ. ತೆಗೆದು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗುತ್ತಾರೆ. ಸೊಸೆಯನ್ನು ಕೇಳಲು ಸಂಕೋಚ. ಓದುವ ಹುಡುಗಿಯನ್ನು ಎಬ್ಬಿಸಲು ಇನ್ನೂ ಸಂಕೋಚ. ಇಂಥ ಮಧ್ಯಾಹ್ನಗಳು ನಮ್ಮ ಎಷ್ಟು ಮನೆಗಳಲ್ಲಿ ಕಳೆಯುತ್ತಿಲ್ಲ!

ತಂತಿಯಿಲ್ಲದ ಈ ನಂಟಿಗೆ ಬ್ಲೂಟೂತ್, ಎಂದರೆ ನೀಲಿ ಹಲ್ಲು, ಎಂದು ಹೆಸರು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನಿಗೆ ಆ ಅಡ್ಡಹೆಸರಿತ್ತು. ಒಡೆದ ಜನರನ್ನು ಕೂಡಿಸಿದವನೆಂದು ಅವನ ಖ್ಯಾತಿ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಕೂಡಿಸುವ ವಿದ್ಯೆಗೆ ಆ ಹೆಸರೇ ಸಾಕೆಂದು ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್ ಸೂಚಿಸಿದರು. 1998ರಲ್ಲಿ ಹಲವು ಕಂಪನಿಗಳು ಕೂಡಿ ಒಂದು ಒಕ್ಕೂಟವನ್ನೇ ಕಟ್ಟಿದವು. ಅದರ ಗುರುತಿನ ಚಿಹ್ನೆ ಕೂಡ ಆ ದೊರೆಯ ಹೆಸರಿನ ಎರಡು ಪ್ರಾಚೀನ ಅಕ್ಷರಗಳನ್ನು ಬೆಸೆದು ಮಾಡಿದ್ದು. ಹೆಡ್‌ಫೋನಿನಲ್ಲಿ ಇದರ ಓಟ ಸಾಮಾನ್ಯವಾಗಿ 10 ಮೀಟರು; ನಮ್ಮ ಮನೆಗಳಿಗೆ ಅದು ಧಾರಾಳವಾಯಿತು.

ಇಲ್ಲಿ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು. ಮೊದಲ ಸಲ ಜೋಡಿ ಮಾಡುವುದೇ ಬೇರೆ, ದಿನದಿನವೂ ಕೂಡಿಸುವುದೇ ಬೇರೆ. ಮದುವೆ ಒಂದೇ ಸಲ. ಸೊಸೆ ತವರಿಗೆ ಹೋಗಿ ಬರುವುದು ಎಷ್ಟೋ ಸಲ. ಮದುವೆಯನ್ನು ಮಗನೇ ಮಾಡಿ ಮುಗಿಸಲಿ. ಹೋಗಿಬರುವ ದಾರಿಯನ್ನು ಅಜ್ಜನ ಕೈಗೆ ಎಟುಕುವ ಹಾಗೆ ಮಾಡಿಟ್ಟರೆ ಸಾಕು.

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಮಾಡತಕ್ಕದ್ದು ಇಷ್ಟು. ತೆರೆಯ ಮೇಲಿನ ಬರಿಜಾಗದಲ್ಲಿ ಇಲಿಯ ಬಲಗುಂಡಿಯನ್ನು ಒತ್ತಿರಿ. ಬರುವ ಪಟ್ಟಿಯಲ್ಲಿ ‘ನ್ಯೂ’, ಅದರೊಳಗೆ ‘ಶಾರ್ಟ್‌ಕಟ್’ ಎಂಬುದನ್ನು ಆರಿಸಿರಿ. ವಿಳಾಸ ಕೇಳುವ ಒಂದು ಚೌಕ ಬರುತ್ತದೆ. ಅದರಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಿಂದ ಎಂ, ಎಸ್ ಎಂದು ಹೊಡೆದು ಒಂದು ಅಡ್ಡಗೆರೆ ಹಾಕಿ, ಸೆಟ್ಟಿಂಗ್ಸ್ ಎಂದು ಬರೆದು, ಒಂದರ ಮೇಲೊಂದಿರುವ ಎರಡು ಚುಕ್ಕೆಗಳ ಚಿಹ್ನೆ ಇಟ್ಟು, ಬ್ಲೂಟೂತ್ ಎಂದು ಮುಗಿಸಿರಿ. ನಡುವೆ ಎಲ್ಲಿಯೂ ಜಾಗ ಬಿಡಕೂಡದು. ‘ನೆಕ್ಸ್ಟ್’ ಒತ್ತಿದಾಗ ಹೆಸರು ಕೇಳುತ್ತದೆ. ಈ ಹೆಸರು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟುಪಾಡೇನೂ ಇಲ್ಲ. ‘ಅಜ್ಜನ ಕಿವಿ’ ಎಂದು ಶುದ್ಧ ಕನ್ನಡದಲ್ಲಿ ಬರೆಯಿರಿ. ‘ಫಿನಿಶ್’ ಒತ್ತಿದರೆ ತೆರೆಯ ಮೇಲೆ ಆ ಹೆಸರಿನ ಚಿತ್ರವೊಂದು ಬಂದು ಕೂಡುತ್ತದೆ. ಅದನ್ನು ಎರಡು ಸಲ ಒತ್ತಿದೊಡನೆ ಒಳಮನೆಯ ಬಾಗಿಲು ನೇರವಾಗಿ ತೆರೆದು ಹೆಡ್‌ಫೋನಿನ ಹೆಸರು ಕಾಣುತ್ತದೆ. ಅಲ್ಲಿಯೇ ‘ಕನೆಕ್ಟ್’ ಎಂದಿರುತ್ತದೆ. ಅಜ್ಜ ಕಲಿಯಬೇಕಾದ ಇಂಗ್ಲಿಷು ಈ ಒಂದು ಶಬ್ದ.

ಕೈ ನಡುಗುವವರಿಗೆ ಎರಡು ಸಲ ಬೇಗ ಒತ್ತುವುದು ಕಷ್ಟ. ಅಂಥವರಿಗಾಗಿ ಆ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಶಾರ್ಟ್‌ಕಟ್ ಕೀ’ ಎಂಬ ಚೌಕದಲ್ಲಿ ಬಿ ಅಕ್ಷರ ಒತ್ತಿದರೆ ಕಂಟ್ರೋಲ್, ಆಲ್ಟ್, ಬಿ ಎಂದು ತಾನಾಗಿ ಮೂಡುತ್ತದೆ. ಮುಂದೆ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಬಾಗಿಲು ತೆರೆಯುವುದು. ಮೂರು ಕೀಲಿಗಳ ಮೇಲೂ ಒಂದೊಂದು ಕುಂಕುಮದ ಬೊಟ್ಟಿನಷ್ಟು ಕೆಂಪು ಕಾಗದ ಅಂಟಿಸಿದರೆ ಹುಡುಕುವ ತಾಪತ್ರಯವೂ ಇಲ್ಲ. ಚಿತ್ರವನ್ನು ಮಾತ್ರ ತೆರೆಯ ಮೇಲಿಂದ ತೆಗೆಯಬೇಡಿ. ತೆಗೆದರೆ ಕೀಲಿಗಳೂ ಮೂಕವಾಗುತ್ತವೆ.

ಚಿತ್ರ ಬೇಡವೆನ್ನುವ ತರುಣರಿಗೆ ವಿಂಡೋಸ್ 11ರಲ್ಲಿ ಇನ್ನೊಂದು ದಾರಿ ಉಂಟು. ವಿಂಡೋಸ್ ಕೀಲಿಯೊಡನೆ ಎ ಒತ್ತಿದರೆ ಮೂಲೆಯಲ್ಲಿ ಸಣ್ಣ ಫಲಕ ಏಳುತ್ತದೆ. ಬ್ಲೂಟೂತಿನ ಪಕ್ಕದ ಬಾಣವನ್ನು ಒತ್ತಿದರೆ ಪಟ್ಟಿ ಬರುತ್ತದೆ. ವಿಂಡೋಸ್ 10ರಲ್ಲಿ ವಿಂಡೋಸ್ ಕೀಲಿಯೊಡನೆ ಕೆ. ಆದರೆ ಆ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ಆರೈಕೆ ನಿಲ್ಲಿಸಿದ್ದಾರೆಂಬುದನ್ನು ನೆನಪಿಡಿ. ಹಳೆಯ ಮೇಜುಗಣಕದಲ್ಲಿ ಬ್ಲೂಟೂತೇ ಇಲ್ಲದಿದ್ದರೆ ಉಗುರಿನಷ್ಟು ಸಣ್ಣ ಡಾಂಗಲನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರಾಯಿತು.

‘ಕನೆಕ್ಟ್’ ಒತ್ತಿದರೂ ಕೂಡದಿದ್ದರೆ ಯಂತ್ರವನ್ನು ಬೈಯುವ ಮೊದಲು ಮನೆಯ ಮೊಬೈಲುಗಳನ್ನು ವಿಚಾರಿಸಿರಿ. ಹೆಡ್‌ಫೋನು ಆಗಲೇ ಬೇರೊಂದರ ಕೈ ಹಿಡಿದಿರುವುದುಂಟು. ಎಲ್ಲ ಹೆಡ್‌ಫೋನುಗಳಿಗೂ ಇಬ್ಬರ ಸೇವೆ ಬಾರದು. ಆ ಮೊಬೈಲಿನ ಬ್ಲೂಟೂತನ್ನು ಒಂದು ಗಳಿಗೆ ಆರಿಸಿದರೆ ಬಿಡುಗಡೆಯಾಗುತ್ತದೆ. ರಾತ್ರಿ ತನ್ನ ಹಾಡು ಮುಗಿದ ಮೇಲೆ ಮಗನೇ ಹೀಗೆ ಬಿಡಿಸಿ ಮಲಗುವುದು ಇನ್ನೂ ಮೇಲು. ಅಡಿಗೆಮನೆಯ ಮೈಕ್ರೋವೇವ್ ಒಲೆ ನಡೆಯುವಾಗ ಹಾಡು ತುಂಡುತುಂಡಾಗಿ ಕೇಳಿದರೆ ಗಾಬರಿ ಬೇಡ. ಅದರ ಅಲೆಗಳೂ ಇದರ ಅಲೆಗಳೂ 2.4 ಗಿಗಾಹರ್ಟ್ಸಿನ ಸುತ್ತಲಿನವೇ. ಬ್ಲೂಟೂತ್ ಸೆಕೆಂಡಿಗೆ 1600 ಸಲ ಒಂದು ಹಾದಿಯಿಂದ ಇನ್ನೊಂದಕ್ಕೆ ಜಿಗಿದು ತಪ್ಪಿಸಿಕೊಳ್ಳುತ್ತದಾದರೂ ಒಮ್ಮೊಮ್ಮೆ ಮುಗ್ಗರಿಸುತ್ತದೆ. ನಮ್ಮ ಲೋಕಲಿನಲ್ಲಿ ಗುಂಪು ಬಿಡಿಸಿಕೊಂಡು ಬಾಗಿಲಿಗೆ ಬರುವವರ ಪಾಡೇ ಅದಕ್ಕೂ!

ನೆರೆಮನೆಯ ಗೋಡೆಗಳು ತೆಳು. ಮೊದಲ ಸಲ ಜೋಡಿ ಮಾಡುವಾಗ ಪಟ್ಟಿಯಲ್ಲಿ ಅವರ ಟೆಲಿವಿಷನ್ನೂ ಸ್ಪೀಕರೂ ಇಣುಕಬಹುದು. ಆದ್ದರಿಂದ ನಿಮ್ಮ ಹೆಡ್‌ಫೋನಿನ ಹೆಸರನ್ನು ಡಬ್ಬಿಯ ಮೇಲೆ ಓದಿಕೊಂಡೇ ಕುಳಿತುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಅಜ್ಜನ ದಾಸರಪದ ಮೂರನೆಯ ಮಾಳಿಗೆಯ ಕ್ರಿಕೆಟ್ ಪಂದ್ಯದ ನಡುವೆ ಮೊಳಗೀತು.

ಐರೋಲಿ, ಮಹಾಪೆಗಳ ಕಚೇರಿಗಳ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗರಿಗೂ ಒಂದು ಮಾತು. ಸಭೆಯಲ್ಲಿ ಹೆಡ್‌ಫೋನಿನ ಮೈಕನ್ನೇ ಬಳಸಿದರೆ ಸಾಮಾನ್ಯವಾಗಿ ಕೇಳುವ ಧ್ವನಿ ಹಳೆಯ ಟೆಲಿಫೋನಿನಂತೆ ಕುಗ್ಗುತ್ತದೆ. ಮಾತಿಗೆ ಲ್ಯಾಪ್‌ಟಾಪಿನ ಮೈಕನ್ನು ಆರಿಸಿಕೊಂಡರೆ ಸ್ಪಷ್ಟವಾದೀತು. ಊರಿನಲ್ಲಿರುವ ತಾಯಿಯೊಡನೆ ವಿಡಿಯೋದಲ್ಲಿ ಮಾತಾಡುವಾಗಲೂ ಇದೇ ಉಪಾಯ.

ಇನ್ನು ಉಳಿದದ್ದು ವಿದ್ಯುತ್ತಿನ ಮಾತು. ಹೆಡ್‌ಫೋನಿನ ಚಾರ್ಜಿಂಗ್ ತಂತಿಯನ್ನು ಕಪಾಟಿನಲ್ಲಿ ಇಡಬೇಡಿ. ಅಜ್ಜನ ಹಾಸಿಗೆಯ ಪಕ್ಕದ ಪ್ಲಗ್ಗಿನಲ್ಲಿಯೇ ಸದಾ ಇರಲಿ. ಮಧ್ಯಾಹ್ನ ಊಟಕ್ಕೆ ಏಳುವಾಗ ಅವರೇ ಸಿಕ್ಕಿಸಿಕೊಳ್ಳುತ್ತಾರೆ.