ಕೊಳವೆ ಹೂಳುವ ಮೊದಲು ಥರ್ಮಾಮೀಟರ್ ಇಳಿಸೋಣ

ಚಳಿಗಾಲದ ಬೆಳಿಗ್ಗೆ ಆಳವಾದ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಅದೇ ಬಾವಿಯ ನೀರು ತಣ್ಣಗಿರುತ್ತದೆ. ಆದರೆ ಸೇದಿದ ಕೂಡಲೇ ಥರ್ಮಾಮೀಟರ್ ಇಟ್ಟು ನೋಡಿದರೆ ಎರಡೂ ದಿನ ತಾಪಮಾನ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಹೊರಗಿನ ಗಾಳಿ, ಮೋಸಹೋದದ್ದು ನಮ್ಮ ಕೈ.

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನವೊಂದರಲ್ಲಿ ನಾನೂ ಹೀಗೆಯೇ ಮೋಸಹೋದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ರಟ್ಟಿನ ಮನೆ ಮಾಡಿ, ಅದರ ಕೆಳಗೆ ಮರಳು ತುಂಬಿದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೊಳವೆ ಹಾಯಿಸಿ, ತುದಿಗೆ ಪುಟ್ಟ ಫ್ಯಾನು ಜೋಡಿಸಿದ್ದಳು. ಮನೆಯೊಳಗೆ ತಂಪು ಗಾಳಿ ಬರುತ್ತಿತ್ತು. ಮರಳಿನಡಿ ಮಂಜುಗಡ್ಡೆ ಇತ್ತು! "ನಿಮ್ಮೂರ ನೆಲದೊಳಗೆ ಎಷ್ಟು ಡಿಗ್ರಿ ಇರುತ್ತದಮ್ಮ?" ಎಂದು ಕೇಳಿದೆ. "ಗೊತ್ತಿಲ್ರೀ ಸರ್, ಯಾವಾಗ್ಲೂ ತಂಪ ಇರ್ತದ" ಎಂದಳು. ಉತ್ತರ ನನಗೂ ಗೊತ್ತಿರಲಿಲ್ಲ. ಆದರೂ ಮೊದಲ ಬಹುಮಾನ ಕೊಟ್ಟೆ.

ಕೆಲವು ತಿಂಗಳ ನಂತರ ಆ ಶಾಲೆಯ ಹೆಡ್‌ಮಾಸ್ಟರ್ ಫೋನ್ ಮಾಡಿದರು. ಊರಿನ ದಾನಿಯೊಬ್ಬರು ತರಗತಿ ಕೋಣೆಗೆ ನಿಜವಾಗಿಯೇ ಇಂಥ ಕೊಳವೆ ಹಾಕಿಸಿಕೊಡಲು ಸಿದ್ಧರಿದ್ದಾರೆ, ನಾಲ್ಕು ಇಂಚಿನ ಪೈಪು ಸಾಕೇ ಎಂದು ಕೇಳಿದರು. ನನ್ನ ಬಹುಮಾನ ಯಾರದೋ ಬೆವರಿನ ಹಣವನ್ನು ಮಣ್ಣಿಗೆ ಹಾಕುವ ಹಂತಕ್ಕೆ ಬಂದಿತ್ತು. ಆಗ ಲೆಕ್ಕ ಹಾಕಲು ಕುಳಿತೆ.

ತತ್ತ್ವವೇನೋ ಸರಿಯಾದದ್ದೇ. ಹಗಲು ಕಾಯ್ದು ರಾತ್ರಿ ಆರುವ ಏರಿಳಿತ ಮಣ್ಣಿನಲ್ಲಿ ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಬಹುತೇಕ ಅಡಗುತ್ತದೆ. ಬೇಸಿಗೆ–ಚಳಿಗಾಲಗಳ ಏರಿಳಿತವೂ ಮೂರು–ನಾಲ್ಕು ಮೀಟರ್ ಆಳದಲ್ಲಿ ತೀರಾ ಕಡಿಮೆಯಾಗುತ್ತದೆ. ಅಲ್ಲಿ ಉಳಿಯುವುದು ಆ ಊರಿನ ಇಡೀ ವರ್ಷದ ಸರಾಸರಿ ತಾಪಮಾನಕ್ಕೆ ಹತ್ತಿರದ ಒಂದು ಸಂಖ್ಯೆ. ಬೆಂಗಳೂರಿನ ಸರಾಸರಿ ಸುಮಾರು 24 ಡಿಗ್ರಿ ಸೆಲ್ಸಿಯಸ್, ಕಲಬುರಗಿಯದು 27 ಡಿಗ್ರಿಗೂ ಹೆಚ್ಚು. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿಗೆ ಮೇಲಿನ ಬಿಸಿಲು ಅಷ್ಟಾಗಿ ತಟ್ಟದಿರಲು ಇದೇ ಕಾರಣ. ಅಂದರೆ ನೆಲ ತಂಪಿನ ಗಣಿಯಲ್ಲ, ಅದೊಂದು ಸರಾಸರಿ. ಹೊರಗೆ 42 ಡಿಗ್ರಿ ಇದ್ದಾಗ 28 ಡಿಗ್ರಿಯ ನೆಲ ಬಹಳ ತಂಪು. ಹೊರಗೆ 10 ಡಿಗ್ರಿ ಇದ್ದಾಗ ಅದೇ ನೆಲ ಬೆಚ್ಚಗೆ.

ಇದನ್ನು ಬಳಸಿ ಕಟ್ಟಿದ ಕಟ್ಟಡ ನಮ್ಮ ದೇಶದಲ್ಲೇ ಇದೆ. ಹರಿಯಾಣದ ಗುರುಗ್ರಾಮದ ಬಳಿ ಗ್ವಾಲ್ ಪಹಾರಿಯಲ್ಲಿ ಟೆರಿ ಸಂಸ್ಥೆಯ ತರಬೇತಿ ಕೇಂದ್ರದ ವಸತಿ ಭಾಗಕ್ಕೆ ನೆಲದಡಿಯ ಸುರಂಗಗಳಿಂದ ಗಾಳಿ ಬರುತ್ತದೆ. ಸುರಂಗಗಳು ಸುಮಾರು 4 ಮೀಟರ್ ಆಳದಲ್ಲಿವೆ. ಒಂದೊಂದರ ಉದ್ದ ಸುಮಾರು 70 ಮೀಟರ್, ವ್ಯಾಸ ಸುಮಾರು 70 ಸೆಂಟಿಮೀಟರ್. ಅಲ್ಲಿನ ನೆಲ ಸುಮಾರು 26 ಡಿಗ್ರಿ ಇರುವುದರಿಂದ ಬೇಸಿಗೆಯಲ್ಲಿ ಗಾಳಿ ತಂಪಾಗುತ್ತದೆ, ಉತ್ತರದ ಕೊರೆಯುವ ಚಳಿಯಲ್ಲಿ ಬೆಚ್ಚಗಾಗುತ್ತದೆ. ಆದರೆ ಮಳೆಗಾಲದ ತೇವಕ್ಕೆ ನೆಲ ಮಾತ್ರ ಸಾಲದೆಂದು ತಂಪುಕಾರಿ ಯಂತ್ರಗಳ ನೆರವನ್ನೂ ಒದಗಿಸಿದ್ದಾರೆ. ತೇವದ ಗಾಳಿಯನ್ನು ಸ್ವಲ್ಪವೇ ತಣಿಸಿದರೆ ಸೆಕೆ ಹೋಗುವುದಿಲ್ಲ, ಕೊಳವೆಯೊಳಗೆ ನೀರು ಕಟ್ಟಿ ಬೂಷ್ಟು ಬರಬಹುದು. ನಮ್ಮ ಕರಾವಳಿಯವರು ಇದನ್ನು ಗಮನಿಸಬೇಕು.

ಈಗ ನಾಲ್ಕು ಇಂಚಿನ ಪೈಪಿನ ಲೆಕ್ಕ. ಸುಮ್ಮನೆ ಕುಳಿತ ಮಗುವಿನ ಮೈಯಿಂದ ಸುಮಾರು 60 ವ್ಯಾಟ್ ಶಾಖ ಹೊರಬರುತ್ತದೆ ಎಂದುಕೊಂಡರೆ 40 ಮಕ್ಕಳಿಗೆ 2,400 ವ್ಯಾಟ್. ಛಾವಣಿಯ ಕಾವನ್ನು ಬಿಟ್ಟುಬಿಡೋಣ. ಕೊಳವೆಯ ಗಾಳಿ ಕೋಣೆಗಿಂತ 10 ಡಿಗ್ರಿ ತಂಪಾಗಿದೆ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಅಂಥ ಒಂದು ಘನ ಮೀಟರ್ ಗಾಳಿ ಸುಮಾರು 12 ಕಿಲೋಜೂಲ್ ಶಾಖವನ್ನು ಹೊತ್ತೊಯ್ಯಬಲ್ಲದು. ಹಾಗಾದರೆ ಸೆಕೆಂಡಿಗೆ 0.2 ಘನ ಮೀಟರ್ ಗಾಳಿ ಬೇಕು. ನಾಲ್ಕು ಇಂಚಿನ ಪೈಪಿನಲ್ಲಿ ಅಷ್ಟು ಗಾಳಿ ಹಾಯಬೇಕಾದರೆ ಅದರ ವೇಗ ಗಂಟೆಗೆ ಸುಮಾರು 90 ಕಿಲೋಮೀಟರ್! ಅಷ್ಟು ವೇಗದ ಗಾಳಿಗೆ ಮಣ್ಣಿನಲ್ಲಿ ತಣಿಯಲು ಸಮಯವೇ ಸಿಗದು. ಗ್ವಾಲ್ ಪಹಾರಿಯ ಒಂದು ಸುರಂಗದ ಬಾಯಿಗೆ ಇಂಥ 49 ಪೈಪುಗಳ ಬಾಯಿ ಸೇರಿದರೆ ಸಮ. ವರ್ಗದ ಪಾಠ ಮಾಡುವವರು 70 ಮತ್ತು 10ರ ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು.

ಹೆಡ್‌ಮಾಸ್ಟರರಿಗೆ ಇದನ್ನೇ ಹೇಳಿದೆ. ಮೊದಲು ಛಾವಣಿಗೆ ಬಿಳಿ ಸುಣ್ಣ, ಪಶ್ಚಿಮದ ಗೋಡೆಗೆ ಬೇವಿನ ನೆರಳು, ಎದುರುಬದುರು ಕಿಟಕಿ. ನೆಲದ ಗಾಳಿ ಬೇಕೆಂದರೆ ಒಣಹವೆಯ ಜಿಲ್ಲೆಗಳಲ್ಲಿ ಹೊಸ ಕಟ್ಟಡ ಕಟ್ಟುವಾಗಲೇ ಎಂಜಿನಿಯರರು ಲೆಕ್ಕ ಹಾಕಿ ಸೇರಿಸಲಿ.

ಹಾಗೆಂದು ಆ ಹುಡುಗಿಯ ಮಾದರಿ ವ್ಯರ್ಥವಲ್ಲ. ಅದಕ್ಕೆ ಕೊರತೆಯಾಗಿದ್ದದ್ದು ಒಂದು ಸಂಖ್ಯೆ ಮಾತ್ರ. ಶಿಕ್ಷಕ ಮಿತ್ರರೇ, ಶಾಲೆಯ ಅಂಗಳದಲ್ಲಿ ಎರಡಡಿಯ ಕಿರುಗುಂಡಿ ತೋಡಿಸಿ. ಪ್ರಯೋಗಶಾಲೆಯ ಆಲ್ಕೊಹಾಲ್ ಥರ್ಮಾಮೀಟರಿನ ಬುಡಕ್ಕೆ ಮೇಣ ಮೆತ್ತಿದರೆ ಮೇಲೆತ್ತುವಾಗ ಅಂಕಿ ಬೇಗ ಬದಲಾಗದು. ದಾರ ಕಟ್ಟಿ ಇಳಿಸಿ, ಗುಂಡಿಯ ಬಾಯಿಯನ್ನು ಗೋಣಿಚೀಲದಿಂದ ಮುಚ್ಚಿ. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಒಳಗಿನದನ್ನೂ ನೆರಳಿನ ಗಾಳಿಯದನ್ನೂ ಬರೆಸಿ. ಇನ್ನೂ ಆಳದ ಸುದ್ದಿ ಬೇಕೇ? ಕೈಪಂಪನ್ನು ಸ್ವಲ್ಪ ಹೊತ್ತು ಹೊಡೆದು, ಆಮೇಲೆ ಬರುವ ನೀರನ್ನು ಅಳೆಯಿರಿ. ಜೂನ್‌ನಿಂದ ಮಾರ್ಚ್‌ವರೆಗೆ ಬರೆದರೆ ನಿಮ್ಮೂರ ನೆಲದ ಸಂಖ್ಯೆ ನಿಮ್ಮ ಮಕ್ಕಳ ಕೈಯಲ್ಲೇ ಇರುತ್ತದೆ.

ಇನ್ನು ನನ್ನಂಥ ತೀರ್ಪುಗಾರರಿಗೆ ಒಂದು ವಿನಂತಿ. ಮಾದರಿಯ ಮುಂದೆ ನಿಂತಾಗ "ಇದು ಹೇಗೆ ಕೆಲಸ ಮಾಡುತ್ತದೆ?" ಎಂಬ ಪ್ರಶ್ನೆಯ ಜೊತೆಗೆ "ಎಷ್ಟು? ನೀನೇ ಅಳೆದೆಯಾ?" ಎಂದೂ ಕೇಳೋಣ. ಅಳೆದು ತಂದ ಮಗುವಿಗೆ ಬಹುಮಾನ ಕೊಡೋಣ, ಅದರ ಮಾದರಿಯಲ್ಲಿ ತಂಪು ಗಾಳಿ ಬಾರದಿದ್ದರೂ ಸರಿಯೇ.